ಒಂದು ಸಣ್ಣ ಠಾಣೆಯ ಒಂದು ವರ್ಷ

ಉಡುಪಿಯ ಕಡೆಯ ವೃತ್ತಪತ್ರಿಕೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ವಾಕ್ಯವು ಚಿರಪರಿಚಿತವಾದುದು: “ಶಿರ್ವ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.” ಒಂದು ದಿನ ಶಿರ್ವದ ಬದಲು ಕಾಪು ಎಂದಿರುತ್ತದೆ, ಮತ್ತೊಂದು ದಿನ ಪಡುಬಿದ್ರಿ ಎಂದೋ ಕಾರ್ಕಳವೆಂದೋ ಇರುತ್ತದೆ, ವಾಕ್ಯದ ಉಳಿದ ಭಾಗ ಮಾತ್ರ ಬದಲಾಗುವುದಿಲ್ಲ. ಓದುಗನು ಅದರ ಮೇಲೆ ಕಣ್ಣಾಡಿಸಿ ಮುಂದಿನ ಸುದ್ದಿಗೆ ಹೋಗುತ್ತಾನೆ. ಇಂಥ ವಾಕ್ಯಗಳನ್ನೆಲ್ಲ ಜನವರಿಯಿಂದ ಡಿಸೆಂಬರಿನವರೆಗೆ ಕೂಡಿಟ್ಟರೆ ಒಂದು ಸಣ್ಣ ಊರಿನ ಪೋಲೀಸರು ವರ್ಷವೆಲ್ಲ ಮಾಡಿದ ಕೆಲಸ ಕಣ್ಣಿಗೆ ಕಟ್ಟುತ್ತದೆಯೆ? ಕಟ್ಟುವುದಿಲ್ಲವೆಂದೇ ನನ್ನ ಎಣಿಕೆ. ಕಟ್ಟುವುದೆಂದು ನಾವು ನಂಬಿಕೊಂಡಿರುವುದರಿಂದ ಕೆಲವು ಅನ್ಯಾಯಗಳೂ ನಡೆಯುತ್ತವೆ. ಹೇಗೆಂಬುದನ್ನು ಶ್ರೋತೃಗಳ ಮುಂದೆ ಇಡುತ್ತೇನೆ.

ಶಿರ್ವವು ಕಡಲತೀರದ ಊರಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಟಪಾಡಿಗೆ ಬಂದು, ಅಲ್ಲಿಂದ ಮೂಡಣಕ್ಕೆ ತಿರುಗಿ ಬೆಳ್ಮಣ್ಣಿನ ದಾರಿ ಹಿಡಿದರೆ ನಡುವೆ ಸಿಕ್ಕುವ ಪೇಟೆ. ಸುತ್ತಲೂ ಗದ್ದೆ, ತೆಂಗು, ಅಡಕೆಯ ತೋಟ. ಇಗರ್ಜಿ, ಮಸೀದಿ, ದೇವಸ್ಥಾನ, ದೈವಸ್ಥಾನ. ವಿಜಯಾ ಬ್ಯಾಂಕಿನ ಮುಲ್ಕಿ ಸುಂದರರಾಮ ಶೆಟ್ಟರ ಹೆಸರನ್ನು ಹೊತ್ತ ಕಾಲೇಜು. ಬಹು ಮಂದಿ ಮನೆಮಕ್ಕಳು ಮುಂಬಯಿಯಲ್ಲಿಯೋ ಅರಬ್ಬೀ ದೇಶಗಳಲ್ಲಿಯೋ ದುಡಿಯುತ್ತಾರೆ. ಊರಿನಲ್ಲಿ ವೃದ್ಧರಾದ ತಂದೆತಾಯಿಗಳು ಅಥವಾ ಬೀಗ ಹಾಕಿದ ದೊಡ್ಡ ಮನೆಗಳು. ಇಲ್ಲಿಯ ಠಾಣೆಯು ಕಾಪು ವೃತ್ತಕ್ಕೂ ಕಾರ್ಕಳ ಉಪವಿಭಾಗಕ್ಕೂ, 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಗೂ ಸೇರಿದುದು. ಸಬ್ ಇನ್ಸ್‌ಪೆಕ್ಟರರು ಠಾಣಾಧಿಕಾರಿಗಳು. ಅವರ ಕೆಳಗೆ ಸಹಾಯಕರು, ಮುಖ್ಯ ಪೇದೆಗಳು, ಪೇದೆಗಳು. ಬರೆಯುವ ಕೆಲಸಕ್ಕೆಂದು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಠಾಣೆಯ ರೈಟರೆಂದೇ ಕರೆಯುವುದು ರೂಢಿ. ಹೊರಗಿನವರು ಲಾಠಿಯನ್ನೂ ಟೋಪಿಯನ್ನೂ ನೋಡಿ ಪೋಲೀಸರನ್ನು ಗುರುತಿಸುತ್ತಾರೆ. ಒಳಗಿನ ಸತ್ಯವೇನೆಂದರೆ ಠಾಣೆಯು ಮುಖ್ಯವಾಗಿ ಬರೆಯುವ ಸ್ಥಳ.

ಅಲ್ಲಿಯ ಬರವಣಿಗೆಗೆ ಯುಗಾದಿಯೆಂದರೆ ಜನವರಿ 1. ಅಂದು ಬಂದ ಮೊದಲನೆಯ ಫಿರ್ಯಾದಿಗೆ ಆ ವರ್ಷದ ಒಂದನೆಯ ಕ್ರಮಾಂಕ. ಡಿಸೆಂಬರು ಕೊನೆಗೆ ಆ ಕ್ರಮಾಂಕವು ಎಲ್ಲಿಗೆ ಮುಟ್ಟಿತೋ ಅದೇ ಆ ಠಾಣೆಯ ವರ್ಷದ ಅಪರಾಧಸಂಖ್ಯೆ. ಮೇಲಧಿಕಾರಿಗಳ ಪರಿಶೀಲನೆ, ಶಾಸನಸಭೆಯ ಪ್ರಶ್ನೆ, ಪತ್ರಿಕೆಯ ಸಂಪಾದಕೀಯ, ಎಲ್ಲವೂ ಈ ಒಂದು ಸಂಖ್ಯೆಯನ್ನೇ ಹಿಡಿದು ಮಾತನಾಡುತ್ತವೆ. ಆದರೆ ಠಾಣೆಯಲ್ಲಿ ಬೇರೆ ಪುಸ್ತಕಗಳೂ ಉಂಟು. ಅಪಘಾತದಿಂದಲೋ ಆತ್ಮಹತ್ಯೆಯಿಂದಲೋ ಕಾರಣ ತಿಳಿಯದೆಯೋ ಸತ್ತವರಿಗೆ ಪ್ರತ್ಯೇಕವಾದ ಕ್ರಮಾಂಕದ ಸಾಲು. ಅಪರಾಧವೆನ್ನಿಸದ ಜಗಳಗಳ ಅರ್ಜಿಗಳಿಗೆ ಇನ್ನೊಂದು. ಹಗಲೂ ರಾತ್ರಿಯೂ ಯಾರು ಎಲ್ಲಿಗೆ ಹೋದರು, ಯಾರು ಬಂದರು ಎಂಬುದನ್ನು ಗಂಟೆ ನಿಮಿಷಗಳೊಡನೆ ಬರೆದಿಡುವ ಠಾಣಾ ದಿನಚರಿ ಮತ್ತೊಂದು. ಅವುಗಳ ಪ್ರಸ್ತಾಪವನ್ನು ಎತ್ತುವವರು ಕಡಮೆ.

ಹೀಗೆ ಬರೆಯುವುದಕ್ಕೆ ಇಷ್ಟು ಮಹತ್ವವೇಕೆಂದು ಕೇಳಬಹುದು. ಇದಕ್ಕೆ ಉತ್ತರವು ಇತಿಹಾಸದಲ್ಲಿದೆ. ಮೈಸೂರು ಸೀಮೆಯವರು ಮರೆಯಬಾರದ ಸಂಗತಿಯೊಂದುಂಟು: ಕನ್ನಡ ಜಿಲ್ಲೆಯು 1799ರಿಂದ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು. (ಅದರ ಉತ್ತರಭಾಗ ಮಾತ್ರ 1862ರಲ್ಲಿ ಮುಂಬಯಿಗೆ ಹೋಯಿತು.) 1816ರ ಮದರಾಸಿನ ಕಾಯಿದೆಯಂತೆ ಊರಿನ ಪಟೇಲನೇ ಗ್ರಾಮದ ಪೋಲೀಸು, ಅವನ ಮೇಲೆ ತಹಶೀಲ್ದಾರನು. ಕಂದಾಯ ವಸೂಲು ಮಾಡುವ ಕೈ ಮತ್ತು ಕಳ್ಳನನ್ನು ಹಿಡಿಯುವ ಕೈ ಒಂದೇ ಆಗಿದ್ದಿತು. ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. 1854ರಲ್ಲಿ ಇಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಮಂಡಲಿಯೊಂದನ್ನು ನೇಮಿಸಿ, ಆ ಪ್ರಾಂತದಲ್ಲಿ ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಜನರಿಗೆ ಚಿತ್ರಹಿಂಸೆ ಕೊಡುತ್ತಿರುವುದು ನಿಜವೇ ಎಂದು ವಿಚಾರಿಸಲಾಯಿತು. ನಿಜವೆಂದು 1855ರಲ್ಲಿ ವರದಿಯಾಯಿತು. ಆಮೇಲೆ 1859ರ ಕಾಯಿದೆಯಿಂದ ಮದರಾಸಿನಲ್ಲಿ ಪೋಲೀಸ್ ಇಲಾಖೆಯು ಕಂದಾಯದಿಂದ ಬೇರೆಯಾಯಿತು. 1861ರ ದಂಡಪ್ರಕ್ರಿಯೆಯ ಸಂಹಿತೆಯು ಎರಡು ದೊಡ್ಡ ನಿಯಮಗಳನ್ನು ತಂದಿತು: ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಲ್ಲ; ಪೋಲೀಸರಿಗೆ ಬಂದ ದೂರನ್ನು ಬರಹಕ್ಕಿಳಿಸಬೇಕು. ಒಂದು ನಿಯಮ ಅವರ ಕೈಯನ್ನು ಕಟ್ಟಿತು, ಮತ್ತೊಂದು ಅವರ ಕೈಗೆ ಲೇಖನಿಯನ್ನು ಕೊಟ್ಟಿತು. ಕಾಯಿದೆಗಳು ಅನೇಕ ಸಲ ಬದಲಾದರೂ ಇವೆರಡು ಇಂದಿಗೂ ಉಳಿದಿವೆ. ಆದುದರಿಂದ ಪ್ರಥಮ ವರ್ತಮಾನ ವರದಿಯನ್ನು ಬರೆಯುವುದು ಪೋಲೀಸರು ಮಾಡುವ ಉಪಕಾರವಲ್ಲ. ಪೆಟ್ಟುತಿಂದ ಪ್ರಜೆಗಳಿಂದಾಗಿ ಬಂದ ಹಕ್ಕು.

ಇನ್ನು ವರ್ಷದ ವಿಚಾರ. ಪೋಲೀಸ್ ಎಂಬ ಮಾತು ಗ್ರೀಕರ ‘ಪೊಲಿಸ್’, ಎಂದರೆ ನಗರ, ಎಂಬುದರಿಂದ ಬಂದುದು. ಹದಿನೆಂಟನೆಯ ಶತಮಾನದಲ್ಲಿ ಆಡಂ ಸ್ಮಿತ್ತನು ಗ್ಲಾಸ್ಗೋ ವಿದ್ಯಾಪೀಠದಲ್ಲಿ ಪಾಠ ಹೇಳುತ್ತ ಈ ಮಾತಿನ ಅರ್ಥದಲ್ಲಿ ಬೀದಿಯ ಶುಚಿತ್ವವನ್ನೂ ಜನರ ಸುರಕ್ಷತೆಯನ್ನೂ ಪೇಟೆಯ ಧಾರಣೆಯನ್ನೂ ಸೇರಿಸಿದ್ದನು. ಅರ್ಥವು ಕಾಲಕ್ರಮದಲ್ಲಿ ಕಳ್ಳರನ್ನು ಹಿಡಿಯುವುದಕ್ಕೆ ಸಂಕುಚಿತವಾಯಿತೆಂದು ಪುಸ್ತಕಗಳು ಹೇಳುತ್ತವೆ. ಶಿರ್ವದಂಥ ಊರಿನಲ್ಲಿ ನೋಡಿದರೆ ಅದು ಸಂಕುಚಿತವಾದಂತೆ ಕಾಣುವುದಿಲ್ಲ.

ಅಲ್ಲಿಯ ಪೋಲೀಸರ ನಿಜವಾದ ಪಂಚಾಂಗವು ತುಳುನಾಡಿನದೇ ಆಗಿದೆ. ದೀಪಾವಳಿಯಾದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕೋಲ, ನೇಮ, ಜಾತ್ರೆ, ಕಂಬಳ, ಇಗರ್ಜಿಯ ಹಬ್ಬ, ಉರೂಸು ಒಂದರ ಹಿಂದೆ ಒಂದು. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ 24ರ ಸುಮಾರಿಗೆ ಬರುವ ಪತ್ತನಾಜೆಯವರೆಗೆ ಇದು ನಡೆಯುತ್ತದೆ. ಇಷ್ಟು ಕಾಲವೂ ಪೇದೆಗೆ ಬಂದೋಬಸ್ತಿನ ಕೆಲಸ. ಹತ್ತಿರದ ಕಟಪಾಡಿಯಲ್ಲಿ ಕಂಬಳ. ಕಾಪುವಿನಲ್ಲಿ ಸುಗ್ಗಿ ಮಾರಿಪೂಜೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಹಬ್ಬ. ದೊಡ್ಡ ಉತ್ಸವ ಯಾವ ಠಾಣೆಯ ಎಲ್ಲೆಯಲ್ಲಿಯೇ ನಡೆಯಲಿ, ಸುತ್ತಣ ಠಾಣೆಗಳಿಂದ ಜನ ಹೋಗಬೇಕು. ರಾತ್ರಿ ಹತ್ತು ಗಂಟೆಯ ಅನಂತರ ಧ್ವನಿವರ್ಧಕ ಕೂಡದೆಂಬುದು 2000ದ ಇಸವಿಯ ನಿಯಮ. ಬೆಳಗಿನವರೆಗೆ ಆಡುವ ಬಯಲಾಟವು ಅದಕ್ಕಿಂತ ಬಹಳ ಹಳೆಯ ನಿಯಮ. ಇವೆರಡರ ನಡುವೆ ನಿಂತು ಊರಿನ ಗುರಿಕಾರರೊಡನೆ ಮೆಲ್ಲಗೆ ಮಾತನಾಡತಕ್ಕವನು ಠಾಣೆಯ ಪೇದೆ. ಅವನ ಆ ಮಾತು ಫಲಿಸಿದರೆ ಯಾವ ಪುಸ್ತಕದಲ್ಲಿಯೂ ಕ್ರಮಾಂಕ ಬೀಳುವುದಿಲ್ಲ, ಫಲಿಸದಿದ್ದರೆ ಬೀಳುತ್ತದೆ. ಮೇಲಿನಿಂದ ನೋಡುವವರಿಗೆ ಕ್ರಮಾಂಕ ಬಿದ್ದುದೇ ಕೆಲಸವೆಂದು ಕಂಡರೆ ಆಶ್ಚರ್ಯವೇನು?

ಉದಾಹರಣೆಗೆ 2024ರ ವರ್ಷವನ್ನೇ ತೆಗೆದುಕೊಳ್ಳೋಣ. ಜನವರಿ 18ರಂದು ಉಡುಪಿಯಲ್ಲಿ ಪುತ್ತಿಗೆ ಮಠದ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಬರುವ ಈ ಉತ್ಸವದ ಹಿಂದಿನ ರಾತ್ರಿ ಉಡುಪಿಯ ಬೀದಿಗಳಲ್ಲಿ ಜನಸಾಗರ. ಮಾರ್ಚಿ 16ರಂದು ಲೋಕಸಭೆಯ ಚುನಾವಣೆಯ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂದಿತು; ಏಪ್ರಿಲ್ 26ರಂದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮತದಾನ; ಜೂನ್ 4ರಂದು ಎಣಿಕೆ. ಚುನಾವಣೆಯೆಂದರೆ ಠಾಣೆಗೆ ಮತಗಟ್ಟೆಗಳ ಕಾವಲು ಮಾತ್ರವಲ್ಲ. ಈ ಜಿಲ್ಲೆಗಳಲ್ಲಿ ಹಂದಿ, ಮಂಗಗಳಿಂದ ಬೆಳೆಯನ್ನು ಉಳಿಸಿಕೊಳ್ಳಲು ಕೃಷಿಕರು ಪರವಾನಗಿಯ ಕೋವಿಗಳನ್ನು ಇಟ್ಟುಕೊಂಡಿರುತ್ತಾರೆ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಹೊರಡುವುದು ವಾಡಿಕೆ. ಪ್ರತಿಯೊಂದು ಕೋವಿಗೂ ರಶೀದಿ ಕೊಟ್ಟು, ಚೀಟಿ ಕಟ್ಟಿ, ತಿಂಗಳುಗಟ್ಟಲೆ ಕಾದು, ಮತ್ತೆ ಒಡೆಯನನ್ನು ಗುರುತಿಸಿ ಕೊಡಬೇಕು. ಅಷ್ಟರಲ್ಲಿ ಹಂದಿಗಳು ಚುನಾವಣಾ ಆಯೋಗದ ಆಜ್ಞೆಯನ್ನು ಓದಿಕೊಂಡಿರುವುದಿಲ್ಲವೆಂದು ಕೃಷಿಕರು ಗೊಣಗುತ್ತಾರೆ. ಅದನ್ನು ಕೇಳಿಸಿಕೊಳ್ಳುವವನೂ ಠಾಣೆಯ ಪೇದೆಯೇ.

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕೆಲಸದ ಬಣ್ಣ ಬದಲಾಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಪ್ರದೇಶವಿದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಹೊಳೆ ತುಂಬುತ್ತದೆ, ಕಟ್ಟೆಯಿಲ್ಲದ ಬಾವಿಗಳು ನೆಲದ ಮಟ್ಟಕ್ಕೆ ಬರುತ್ತವೆ, ಅಡಕೆ ಮರ ಜಾರುತ್ತದೆ, ವಿದ್ಯುತ್ತಿನ ತಂತಿ ತೋಟಕ್ಕೆ ಹರಿದು ಬೀಳುತ್ತದೆ. ಆಗ ತುಂಬುವುದು ನಾನು ಮೊದಲು ಹೇಳಿದ ಎರಡನೆಯ ಪುಸ್ತಕ, ಅಸ್ವಾಭಾವಿಕ ಮರಣಗಳದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಓದಿದವರಲ್ಲಿಯೂ ಇದು ವ್ಯರ್ಥವಾದ ಕಾಗದದ ಕೆಲಸವೆಂಬ ಭಾವನೆಯಿದೆ.

ಔಷಧಿ ಸಿಂಪಡಿಸಲು ಅಡಕೆ ಮರವೇರಿದ ಕೂಲಿಕಾರನೊಬ್ಬನು ಬಿದ್ದು ಸತ್ತನೆಂದಿಟ್ಟುಕೊಳ್ಳಿ. ಯಾರ ಮೇಲೆಯೂ ಯಾರ ದೂರೂ ಇಲ್ಲ. ಆದರೂ ಠಾಣೆಗೆ ತಿಳಿಸಬೇಕು. ಠಾಣಾಧಿಕಾರಿಯು ಕ್ರಮಾಂಕ ಕೊಟ್ಟು, ತಾಲ್ಲೂಕು ಮ್ಯಾಜಿಸ್ಟ್ರೇಟರಾದ ತಹಶೀಲ್ದಾರರಿಗೆ ವರ್ತಮಾನ ಕಳುಹಿಸಿ, ನೆರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರನ್ನು ಪಂಚರಾಗಿ ಕರೆದು, ಶವವಿದ್ದ ಸ್ಥಿತಿಯನ್ನೂ ಗಾಯಗಳನ್ನೂ ಬರೆದು ಮಹಜರು ಮಾಡಬೇಕು. ಸಂದೇಹವಿದ್ದರೆ ವೈದ್ಯರ ಪರೀಕ್ಷೆಗೆ ಕಳುಹಿಸಬೇಕು. ಸತ್ತವಳು ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳಾದರೆ ಆತ್ಮಹತ್ಯೆಯೆಂದು ಮನೆಯವರು ಹೇಳಿದರೂ ಪರೀಕ್ಷೆ ತಪ್ಪುವುದಿಲ್ಲ. ಮನೆಯವರು ಗೋಳಿಡುತ್ತಿರುವ ಹೊತ್ತಿನಲ್ಲಿ ಈ ಪ್ರಶ್ನೋತ್ತರ ಕ್ರೂರವಾಗಿ ಕಾಣುತ್ತದೆ. “ಮಣ್ಣು ಮಾಡಲು ಬಿಡಿ ಸ್ವಾಮಿ” ಎಂದು ಹಿರಿಯರು ಕೈಮುಗಿಯುವುದೂ ಉಂಟು. ಆದರೆ ಅಂದು ಬರೆಯದೆ ಬಿಟ್ಟ ಎರಡು ಪುಟಗಳ ಬೆಲೆ ಮೂರು ತಿಂಗಳ ಮೇಲೆ ಗೊತ್ತಾಗುತ್ತದೆ. ವಿಧವೆಯು ವಿಮೆಯ ಹಣಕ್ಕೋ ಸರಕಾರದ ಪರಿಹಾರಕ್ಕೋ ಅರ್ಜಿ ಹಾಕಿದಾಗ ಮೊದಲು ಕೇಳುವುದು ಈ ವರದಿಯ ಪ್ರತಿಯನ್ನೇ. ಇನ್ನು ಸಾವು ಸಹಜವಲ್ಲದೆ ಯಾರಾದರೂ ತಳ್ಳಿದ್ದರೆ, ಅದು ಹೊರಬೀಳುವುದಕ್ಕೂ ಈ ಎರಡು ಪುಟಗಳೇ ಆಧಾರ. ರಸ್ತೆಯ ಅಪಘಾತಗಳಲ್ಲಿಯೂ ಹೀಗೆಯೇ. 2022ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಂತೆ ಮೊದಲ ವರದಿಯನ್ನು 48 ಗಂಟೆಗಳೊಳಗೆ, ಸವಿಸ್ತಾರವಾದುದನ್ನು 90 ದಿನಗಳೊಳಗೆ ಪರಿಹಾರದ ನ್ಯಾಯಮಂಡಲಿಗೆ ಪೋಲೀಸರೇ ಸಲ್ಲಿಸಬೇಕು. ಪೇದೆಯು ಮಳೆಯಲ್ಲಿ ನೆನೆಯುತ್ತ ಅಳೆದು ಬರೆದ ರಸ್ತೆಯ ನಕ್ಷೆ ಒಂದು ಕುಟುಂಬದ ಊಟದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಅಪರಾಧಸಂಖ್ಯೆಯಲ್ಲಿ ಅಸ್ವಾಭಾವಿಕ ಮರಣದ ಈ ಪುಸ್ತಕಕ್ಕೆ ಸ್ಥಾನವೇ ಇಲ್ಲ.

ಆ ವರ್ಷದ ಮಳೆಗಾಲದ ನಡುವೆಯೇ, ಜುಲೈ 1ರಂದು, ದೇಶದ ದಂಡಶಾಸನವೂ ಬದಲಾಯಿತು. 1860ರ ದಂಡಸಂಹಿತೆಯ 511 ಪ್ರಕರಣಗಳ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಬಂದವು. ಪ್ರಕ್ರಿಯೆಗೂ ಸಾಕ್ಷ್ಯಕ್ಕೂ ಹೊಸ ಕಾಯಿದೆಗಳು ಬಂದವು. ಕಳವಿಗೆ 379 ಎಂದು ಬರೆಯುತ್ತಿದ್ದ ಕೈ 303 ಎಂದು ಬರೆಯಬೇಕಾಯಿತು. ಕೊಲೆಯ 302ನೆಯದು 103 ಆಯಿತು. ಮೋಸಗಾರನನ್ನು ನಮ್ಮ ಜನ ತಲೆಮಾರುಗಳಿಂದ ‘ಫೋರ್ ಟ್ವೆಂಟಿ’ ಎಂದು ಕರೆಯುತ್ತಿದ್ದರು. ಈಗ ಅವನು 318. ಮಾತಿನಲ್ಲಿ ಅವನು ಹಳೆಯ ಸಂಖ್ಯೆಯಲ್ಲಿಯೇ ಬಹುಕಾಲ ಬಾಳುವನೆಂದು ತೋರುತ್ತದೆ. ತಮಾಷೆ ಹಾಗಿರಲಿ. ಜೂನ್ 30ರ ರಾತ್ರಿ ಮನೆಗೆ ಕನ್ನ ಬಿದ್ದು, ಮುಂಬಯಿಯಲ್ಲಿದ್ದ ಒಡೆಯನು ಜುಲೈ 2ರಂದು ದೂರು ಕೊಟ್ಟರೆ ಅಪರಾಧಕ್ಕೆ ಹಳೆಯ ಸಂಹಿತೆ, ದೂರನ್ನು ಬರೆದುಕೊಳ್ಳುವ ಕ್ರಮಕ್ಕೆ ಹೊಸದು. ಇಂಥ ಸಂಧಿಕಾಲವನ್ನು ಸಾಮಾನ್ಯ ಠಾಣೆಗಳ ರೈಟರುಗಳು ದಾಟಿಸಿದರೆಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನವೆಂಬರು 18ರ ರಾತ್ರಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ ನಾಯಕ ವಿಕ್ರಂ ಗೌಡನು ಪೋಲೀಸರ ಗುಂಡಿಗೆ ಸತ್ತಾಗ ಮಾತ್ರ ಈ ಜಿಲ್ಲೆಯ ಪೋಲೀಸರ ಸುದ್ದಿ ದೇಶವೆಲ್ಲ ಹರಡಿತು.

ಈಗ ಆ ಅಪರಾಧಸಂಖ್ಯೆಗೆ ಬರೋಣ. ಅದರಲ್ಲಿ ಎರಡು ಜಾತಿಯ ಮೊಕದ್ದಮೆಗಳು ಬೆರೆತಿರುತ್ತವೆ. ಕೋಳಿ ಅಂಕ, ಮಟ್ಕಾ, ಅಂದರ್ ಬಾಹರ್, ಗಾಂಜಾ ಸೇವನೆ, ಇವು ಪೋಲೀಸರೇ ಹುಡುಕಿಕೊಂಡು ಹೋಗಿ ಹಾಕುವ ಕೇಸುಗಳು. ಇವು ಏರಿದರೆ ಊರು ಕೆಟ್ಟಿತೆಂದಲ್ಲ, ಪೋಲೀಸರು ಓಡಾಡಿದರೆಂದು ಅರ್ಥ. ಕಳವು, ಹೊಡೆದಾಟ, ಮೋಸ, ಹೆಂಗಸರ ಮೇಲಿನ ದೌರ್ಜನ್ಯ, ಇವು ಜನರು ಬಂದು ಹೇಳಿದರೆ ಮಾತ್ರ ಬರುವಂಥವು. ಇವು ಏರಿದರೆ ಅಪರಾಧ ಹೆಚ್ಚಿರಬಹುದು. ಹೇಳುವ ಧೈರ್ಯ ಹೆಚ್ಚಿರಲೂಬಹುದು. ಹೇಳಿದ್ದನ್ನು ಬರೆದುಕೊಳ್ಳುವ ಠಾಣಾಧಿಕಾರಿ ಬಂದಿರಲೂಬಹುದು. ದೇಶದ ಅಪರಾಧ ಲೆಕ್ಕವನ್ನು ಪ್ರತಿ ವರ್ಷವೂ ಪ್ರಕಟಿಸುವ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯೇ ಅಪರಾಧದ ಏರಿಕೆ ಬೇರೆ, ದಾಖಲೆಯ ಏರಿಕೆ ಬೇರೆ ಎಂದು ತನ್ನ ವರದಿಯಲ್ಲಿ ಎಚ್ಚರಿಸಿದೆ. ಆ ಎಚ್ಚರಿಕೆಯ ಪುಟವನ್ನು ಬಿಟ್ಟು ಕೋಷ್ಟಕಗಳನ್ನು ಮಾತ್ರ ಓದುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. “ನಿಮ್ಮ ಠಾಣೆಯಲ್ಲಿ ಕಳವು ಏಕೆ ಹೆಚ್ಚಾಯಿತು?” ಎಂದು ಅಧಿಕಾರಿಯನ್ನು ಕೇಳಿದರೆ ಮುಂದಿನ ವರ್ಷ ಅದನ್ನು ಕಡಮೆ ಮಾಡಲು ಎರಡು ದಾರಿಗಳಿವೆ. ಒಂದು ಕಷ್ಟದ್ದು. ಮತ್ತೊಂದು ಬಲು ಸುಲಭ: ಬಂದವನಿಗೆ “ನಾಳೆ ಬನ್ನಿ” ಎನ್ನುವುದು, ಕಳವನ್ನು ಕಾಣೆಯಾದುದೆಂದು ಬರೆಯುವುದು, ಅರ್ಜಿಯೆಂದು ತೆಗೆದುಕೊಂಡು ಎರಡು ಕಡೆಯವರನ್ನೂ ಕೂರಿಸಿ ರಾಜಿ ಮಾಡಿಸುವುದು. ರಾಜಿ ಎಲ್ಲ ಸಲವೂ ಕೆಟ್ಟದ್ದಲ್ಲ. ಬೇಲಿಯ ಜಗಳಕ್ಕೆ ಅದೇ ಮದ್ದು. ಆದರೆ ಗಂಡನಿಂದ ಪೆಟ್ಟುತಿಂದ ಹೆಂಗಸನ್ನು ಬುದ್ಧಿಹೇಳಿ ಮನೆಗೆ ಕಳುಹಿಸಿದರೆ ಅದು ರಾಜಿಯಲ್ಲ. ಆ ವರ್ಷದ ಲೆಕ್ಕದಲ್ಲಿ ಮಾತ್ರ ಅದು ಶಾಂತಿಯೆಂದು ಕಾಣುತ್ತದೆ.

ಪರಮೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು 2013ರ ನವೆಂಬರು 12ರಂದು ಲಲಿತಾ ಕುಮಾರಿ ಎಂಬವಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧದ ವರ್ತಮಾನ ಬಂದರೆ ದಾಖಲೆ ಮಾಡಲೇಬೇಕು. ಹೊಸ ಪ್ರಕ್ರಿಯಾಸಂಹಿತೆಯ 173ನೆಯ ಪ್ರಕರಣದಂತೆ ಅಪರಾಧವು ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯಾದರೂ ದೂರನ್ನು ಕೊಡಬಹುದು. ವಿದ್ಯುನ್ಮಾನದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ಬಂದು ರುಜು ಹಾಕಬೇಕು. ದಾಖಲೆಯ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ಠಾಣಾಧಿಕಾರಿ ನಿರಾಕರಿಸಿದರೆ ಜಿಲ್ಲೆಯ ಸೂಪರಿಂಟೆಂಡೆಂಟರಿಗೆ ಬರಹದಲ್ಲಿ ಅಂಚೆಯಿಂದ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ತನಿಖೆ ಎಲ್ಲಿಗೆ ಬಂದಿತೆಂಬುದನ್ನು 90 ದಿನಗಳೊಳಗೆ ದೂರುಕೊಟ್ಟವರಿಗೆ ತಿಳಿಸಬೇಕೆಂಬುದೂ ಈಗ ಕಾಯಿದೆಯಾಗಿದೆ. ಇದೆಲ್ಲವೂ ಕೇಳುವವರಿಗೆ ಉಂಟು, ಕೇಳದವರಿಗೆ ಇಲ್ಲ.

ಕೇಳದೆ ಇರುವವರಲ್ಲಿ ಹೊಸ ವರ್ಗವೊಂದು ಹುಟ್ಟಿಕೊಂಡಿದೆ. ಮಕ್ಕಳು ದೂರದೇಶದಲ್ಲಿದ್ದು, ಬ್ಯಾಂಕಿನಲ್ಲಿ ಠೇವಣಿಯಿಟ್ಟುಕೊಂಡು ಒಂಟಿಯಾಗಿರುವ ವೃದ್ಧರು. 2024ರಲ್ಲಿ ದೇಶವೆಲ್ಲ ಹಬ್ಬಿದ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸಕ್ಕೆ ಸಿಕ್ಕವರಲ್ಲಿ ಇಂಥವರು ಅನೇಕರು. ಫೋನಿನ ತೆರೆಯ ಮೇಲೆ ಪೋಲೀಸು ಉಡುಪಿನವನೊಬ್ಬನು ಕಾಣಿಸಿಕೊಂಡು “ನೀವು ಬಂಧನದಲ್ಲಿದ್ದೀರಿ” ಎಂದು ಬೆದರಿಸಿ ಹಣ ಕೀಳುತ್ತಾನೆ. ಅಂಥ ಬಂಧನ ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಒಡನೆಯೇ 1930 ಎಂಬ ಸಂಖ್ಯೆಗೆ ತಿಳಿಸಿದರೆ ಹಣವು ಕೈಬದಲಾಯಿಸುವುದಕ್ಕೆ ಮೊದಲು ತಡೆಯುವ ಸಂಭವವುಂಟು. ಆದರೆ ಓದಿದ ಮನುಷ್ಯನಿಗೆ ಮೋಸಹೋದೆನೆಂದು ಊರಿನ ಠಾಣೆಯಲ್ಲಿ ಹೇಳಿಕೊಳ್ಳಲು ನಾಚಿಕೆ. ಅವನು ಹೇಳದೆ ಹೋದದ್ದೂ ಆ ವರ್ಷದ ಅಪರಾಧಸಂಖ್ಯೆಯನ್ನು ಕಡಮೆ ಮಾಡಿತು. 2017ರಲ್ಲಿ ಕರ್ನಾಟಕದಲ್ಲಿ ಬೀಟಿನ ಪದ್ಧತಿಯನ್ನು ತಿದ್ದಿ, ಒಂದೊಂದು ಗ್ರಾಮಕ್ಕೆ ಒಬ್ಬೊಬ್ಬ ಪೇದೆಯನ್ನು ಗೊತ್ತುಮಾಡಿದುದರ ಉಪಯೋಗವನ್ನು ಇಲ್ಲಿಯೇ ಕಾಣಬೇಕು. ಪಾಸ್‌ಪೋರ್ಟಿನ ವಿಚಾರಣೆಗೋ ಬೀಗ ಹಾಕಿದ ಮನೆಯನ್ನು ನೋಡಿಬರಲೋ ಹೋದ ಪೇದೆಯು ಪಕ್ಕದ ಮನೆಯ ಅಜ್ಜಿಯ ಜಗಲಿಯಲ್ಲಿ ಹತ್ತು ನಿಮಿಷ ಕುಳಿತನೆಂದರೆ, ಠಾಣೆಗೆ ಬರಲು ಅಂಜುವ ಸಂಗತಿ ಜಗಲಿಯಲ್ಲಿ ಹೊರಬೀಳುತ್ತದೆ.

ಡಿಸೆಂಬರು ಮುಗಿದಾಗ ಎಲ್ಲ ಮೊಕದ್ದಮೆಗಳೂ ಮುಗಿದಿರುವುದಿಲ್ಲ. ಕೆಲವು ದೋಷಾರೋಪಣೆಯ ಪಟ್ಟಿಯಾಗಿ ನ್ಯಾಯಾಲಯಕ್ಕೆ ಹೋಗಿರುತ್ತವೆ. ಕೆಲವಕ್ಕೆ, ದೂರು ಸುಳ್ಳು ಅಥವಾ ತಪ್ಪುತಿಳಿವಳಿಕೆಯದೆಂದು, ‘ಬಿ’ ವರದಿ. ಆಗ ದೂರುಕೊಟ್ಟವನು ನ್ಯಾಯಾಲಯದಲ್ಲಿ ಆಕ್ಷೇಪಿಸಬಹುದು. ಕಳ್ಳನು ಸಿಕ್ಕದ ಕಳವುಗಳಿಗೆ ‘ಸಿ’ ವರದಿ. ಪತ್ತೆಯಾಗಲಿಲ್ಲವೆಂದು ಅದರ ಅರ್ಥವೇ ಹೊರತು ಮುಗಿಯಿತೆಂದಲ್ಲ. ಬೇರೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದವನೊಬ್ಬನು ಹಳೆಯ ಕಳವಿನ ಒಡವೆಯನ್ನು ತೋರಿಸಿಕೊಟ್ಟರೆ ಆ ಕಡತ ಮತ್ತೆ ತೆರೆಯುತ್ತದೆ. ಅಂಥ ದಿನ ಕರಿಮಣಿ ಸರವೊಂದು ತನ್ನದೆಂದು ಹೇಳಲು ಬರುವ ಮುದುಕಿಗೆ ಬೇಕಾಗುವುದು ಕಳವಾದ ಮಾರನೆಯ ಬೆಳಗ್ಗೆ ಠಾಣೆಯಲ್ಲಿ ಬರೆಸಿದ ವಿವರ: ಎಷ್ಟು ಎಳೆ, ಎಷ್ಟು ತೂಕ, ಕೊಂಡಿ ಎಲ್ಲಿ ಮುರಿದು ಬೆಸೆದಿದೆ. ಆ ಹಾಳೆಯನ್ನು ಹಿಡಿದು ಅವಳು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಕೊಂಡರೆ ಸರವು ಅವಳ ಕೈಗೆ ಬರುತ್ತದೆ.